ನವಾಬರ ಗಾದಿಯ ಹತ್ತಿ

ಏಳು ಸಮುದ್ರದಾಚೆ ಒಂದು ಗಿಣಿಯ ಹೊಟ್ಟೆಯಲ್ಲಿ ರಾಕ್ಷಸನ ಪ್ರಾಣ ಇರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಡಿಗ್ರಿ ಮುಗಿಸಿದ ಮೇಲೂ ನಾನು ಅದನ್ನು ನಂಬುವುದಕ್ಕೆ ಕಾರಣ ನಮ್ಮ ಚಿಕ್ಕಪ್ಪ ಕೊಟ್ರೇಶ. ಅವನ ಪ್ರಾಣ ಅವನ ಬಲಗೈ ಹೆಬ್ಬೆರಳಿನಲ್ಲಿದೆ.

ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ನೋಡಿ ಹೇಳುವುದು ಅವನ ಕೆಲಸ. ರೈತ ತಂದ ರಾಶಿಯಿಂದ ಒಂದು ಚಿಟಿಕೆ ಎತ್ತುತ್ತಾನೆ, ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆಯುತ್ತಾನೆ, ಮಡಚಿ ಮತ್ತೆ ಎಳೆಯುತ್ತಾನೆ, ಉಳಿದ ಎಳೆಗಳನ್ನು ತನ್ನ ಕರಿ ಕೊಡೆಯ ಬಟ್ಟೆಯ ಮೇಲೆ ಹಾಸಿ ಕಣ್ಣು ಕಿರಿದು ಮಾಡುತ್ತಾನೆ. ಆಮೇಲೆ ಎಳೆ ಎಷ್ಟುದ್ದ, ಮಣ್ಣು ಯಾವುದು, ಎಷ್ಟನೇ ಸಲ ಬಿಡಿಸಿದ್ದು, ಮಂಜಿನಲ್ಲಿ ನೆನೆದಿತ್ತೋ ಇಲ್ಲ ಮಾಲೀಕನೇ ನೀರು ಚಿಮುಕಿಸಿದನೋ ಎಲ್ಲ ಹೇಳುತ್ತಾನೆ. ಈಗ ಮಷೀನು ಬಂದಿವೆ, ನಿಜ. ಆದರೆ ಮಷೀನಿಗೂ ರೈತನಿಗೂ ಜಗಳ ಬಿದ್ದರೆ ತೀರ್ಪು ಚಿಕ್ಕಪ್ಪನದೇ. ಅದಕ್ಕೆಂದೇ ಚೀಲ ತೂಗುವ ಕಾಟಾದ ಪಕ್ಕದಲ್ಲಿ ಅವನಿಗೊಂದು ಕುರ್ಚಿ ಇದೆ. ಹದಿನೇಳು ವರ್ಷದಿಂದ ಆ ಬೆರಳು ಒಮ್ಮೆಯೂ ತಪ್ಪಿಲ್ಲ. ತಪ್ಪಿದ ದಿನ ಕುರ್ಚಿ ಸಿದ್ದಬಸಪ್ಪನಿಗೆ. ಸಿದ್ದಬಸಪ್ಪ ಯಾರ್ಡಿನ ಎರಡನೇ ಹೆಬ್ಬೆರಳು. ಆ ಒಂದು ತಪ್ಪಿಗಾಗಿ ಆತ ಹದಿನೇಳು ವರ್ಷದಿಂದ, ಬೇಸರವೆಂಬುದೇ ಇಲ್ಲದೆ, ಕಾಯುತ್ತಿದ್ದಾನೆ.

ಹೀಗಿರುವಾಗ ನಮ್ಮ ಚಿಕ್ಕಮ್ಮ ಗಂಗೋತ್ರಿ ಒಂದು ದಿನ ಚೀಟಿ ಬರೆದಳು: ‘ಹೈದರಾಬಾದು. ಮ್ಯೂಸಿಯಂ ಎರಡು. ಹೊರಗಿನ ಊಟ ಎರಡು. ಹತ್ತಿ ಮಾತು ಇಲ್ಲ.’

ನಮ್ಮ ಆಂಧ್ರದ ರಾಜಧಾನಿ ಯಾವುದೆಂಬುದು ಈಚೆಗೆ ದೊಡ್ಡವರೂ ತಡವರಿಸಿ ಹೇಳುವ ವಿಷಯ. ಆದರೆ ಆದೋನಿಯ ಹೆಂಗಸರ ಮಟ್ಟಿಗೆ ರಾಜಧಾನಿ ಎಂದರೆ ನವಾಬರು ಇದ್ದ ಊರು. ಚಿಕ್ಕಮ್ಮ ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅದನ್ನು ನೋಡಿರಲಿಲ್ಲ. ಚಿಕ್ಕಪ್ಪ ಮಾತ್ರ ವ್ಯಾಪಾರಕ್ಕೆಂದು ಹಲವು ಸಲ ಹೋಗಿ ಬಂದು, “ಪಟ್ನ ಅಂದ್ರ ನನ್ನ ಅಂಗೈ ಇದ್ದಂಗ” ಎನ್ನುತ್ತಿದ್ದ. ಅವನಿಗೆ ತಿಳಿದಿದ್ದ ಪಟ್ಟಣ ಬಸ್‌ಸ್ಟ್ಯಾಂಡು, ಒಂದು ಲಾಡ್ಜು, ಒಂದು ಗೋದಾಮು ಎಂಬುದು ಹೊರಟ ಮೇಲೆ ಗೊತ್ತಾಯಿತು.

ಹೊರಡುವ ಮುಂಚೆ ಚಿಕ್ಕಮ್ಮ ಬಾಗಿಲಲ್ಲೇ ಕೊಡೆ ಕಸಿದುಕೊಂಡಳು.

“ಬಿಸಿಲು ಬಂದ್ರ?” ಎಂದ ಚಿಕ್ಕಪ್ಪ.

“ಬಂದ್ರ ಬರ್ಲಿ. ಆ ಕರಿ ಕೊಡಿ ಇದ್ರ ನಿಮಗ ಹತ್ತಿ ನೆನಪಾಕ್ಕತಿ. ಮತ್ತ ಆ ಬಲಗೈ ಐತಲ್ಲ, ಅದು ದಿನ ಪೂರ್ತಿ ನನ್ನ ಚೀಲ ಹಿಡಕೊಂಡಿರ್ಬೇಕು.”

ರಾಕ್ಷಸನ ಗಿಣಿಗೆ ಪಂಜರ ಸಿಕ್ಕಂತಾಯಿತು.

ಬೆಳಗ್ಗೆ ಇಬ್ಬರೂ ಹೈದರಾಬಾದಿನಲ್ಲಿ ಇಳಿದು ಮೊದಲು ಟಿಫಿನ್ ಸೆಂಟರಿಗೆ ಹೋದರು. ಚೀಲ ಬಲಗೈಯಲ್ಲಿದ್ದುದರಿಂದ ಚಿಕ್ಕಪ್ಪ ಇಡ್ಲಿಯನ್ನು ಎಡಗೈಯಿಂದ ಚಿವುಟಿ ನೋಡಿದ. “ತೇವ ಹನ್ನೆರಡು ಪರ್ಸೆಂಟಿನ ಮ್ಯಾಲೈತಿ” ಎಂದ. ಸರ್ವರ್ ಗಾಬರಿಯಾಗಿ ಒಳಗೆ ಹೋಗಿ ಬೇರೆ ಇಡ್ಲಿ ತಂದಿಟ್ಟ. ಚಿಕ್ಕಮ್ಮ ಚೀಟಿ ತೆಗೆದು ಅದರ ಕೊನೆಯ ಸಾಲನ್ನು ಗಂಡನ ಮೂಗಿನ ಮುಂದೆ ಹಿಡಿದಳು. ಎಡಗೈಯೂ ಸುಮ್ಮನಾಯಿತು.

ಮೊದಲನೇ ಮ್ಯೂಸಿಯಂ ಸುಖವಾಗಿ ಮುಗಿಯಿತು. ಅಲ್ಲಿ ಕತ್ತಿ, ಗಡಿಯಾರ, ದಂತದ ಕುರ್ಚಿ ಎಲ್ಲ ಗಾಜಿನೊಳಗಿದ್ದವು. ಚಿಕ್ಕಮ್ಮ ಪ್ರತಿ ಗಾಜಿನ ಮುಂದೆಯೂ ನಿಂತು, “ಇದನ್ನ ಯಾರು ಒರಸ್ತಾರ ದಿನಾ?” ಎಂದು ಕೇಳಿದಳು. ಮಧ್ಯಾಹ್ನ ಎಲೆಯೂಟ, ಮೇಲೆ ಖುಬಾನಿ ಮೀಠಾ. ಅದರ ಒಣ ಹಣ್ಣು ಬಾಯಲ್ಲಿ ಕರಗುವಾಗ ಚಿಕ್ಕಮ್ಮ ಕಣ್ಣು ಮುಚ್ಚಿ, “ನವಾಬರು ಸುಮ್ನ ನವಾಬರಾಗಿಲ್ಲ” ಎಂದಳು. ದಿನ ಎಷ್ಟು ಚೆನ್ನಾಗಿ ನಡೆಯುತ್ತಿತ್ತೆಂದರೆ, ಸಮಾಧಾನಗೊಂಡ ಚಿಕ್ಕಮ್ಮ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡಳು.

ಪಂಜರದ ಬಾಗಿಲು ಹಾಗೆ ತೆರೆಯಿತು.

ಎರಡನೇ ಮ್ಯೂಸಿಯಂ ಹಳೇ ಊರಿನ ಗಲ್ಲಿಯೊಳಗೆ ಒಬ್ಬ ಸಣ್ಣ ನವಾಬರ ಹವೇಲಿ. ಸಣ್ಣ ನವಾಬರಾದ್ದರಿಂದ ಗಾಜು ಇರಲಿಲ್ಲ, ಕೆಂಪು ಹಗ್ಗ ಮಾತ್ರ. ಹಗ್ಗದಾಚೆ ಮಖಮಲ್ಲಿನ ದೊಡ್ಡ ಗಾದಿ. ಗೋಡೆಯಲ್ಲಿ ಅದೇ ಗಾದಿಯ ಮೇಲೆ ಕೂತ ನವಾಬರ ಪಟ. ಕೆಳಗೊಂದು ಫಲಕ: ‘ನವಾಬ್ ಸಾಹೇಬರ ಗಾದಿ. ಇನ್ನೂರು ವರ್ಷ ಹಳೆಯದು. ಒಳಗಿನ ಹತ್ತಿಯೂ ಅಸಲು.’

ಗಾದಿಯ ಮೂಲೆಯಲ್ಲಿ ಹೊಲಿಗೆ ಬಿಟ್ಟಿತ್ತು. ಅಲ್ಲಿಂದ ಒಂದು ಚಿಟಿಕೆ ಹತ್ತಿ ಮೊಲದ ಬಾಲದಂತೆ ಹೊರಗೆ ಇಣುಕುತ್ತಿತ್ತು.

ಚಿಕ್ಕಮ್ಮ ಪಟದ ನವಾಬರ ಮುತ್ತಿನ ಸರ ಎಣಿಸುತ್ತಿದ್ದಳು. ತಿರುಗುವುದರೊಳಗೆ ಚಿಕ್ಕಪ್ಪ ಹಗ್ಗದ ಆಚೆ ಬಗ್ಗಿದ್ದ, ಹತ್ತಿ ಬೆರಳಲ್ಲಿತ್ತು. ಎಳೆದ. ಮಡಚಿದ. ಮತ್ತೆ ಎಳೆದ. ಎಳೆ ಹಾಸಿ ನೋಡಲು ಕರಿ ಕೊಡೆ ಇರಲಿಲ್ಲ. ಪಕ್ಕದಲ್ಲಿ ಕಪ್ಪಾಗಿ ಕಂಡದ್ದರ ಮೇಲೆ ಹಾಸಿದ. ಅದು ವಾಚ್‌ಮನ್ನನ ಅಂಗಿಯ ತೋಳು. ಅದರೊಳಗೆ ವಾಚ್‌ಮನ್ ಇದ್ದ.

“ಎಳಿ ಇಪ್ಪತ್ತೊಂಬತ್ತೂವರಿ ಮಿಲಿಮೀಟರು” ಎಂದ ಚಿಕ್ಕಪ್ಪ, ಯಾರ್ಡಿನಲ್ಲಿ ಹೇಳುವಷ್ಟೇ ಗಟ್ಟಿಯಾಗಿ. “ಕರಿ ಎರಿ ಭೂಮಿದು. ಎರಡನೇ ಸಲ ಬಿಡಿಸಿದ್ದು. ಜಿನ್ನಿನಾಗ ಹೋಗಿಲ್ಲ, ಬೀಜ ಕೈಲೆ ತಗದಾರ. ಹೋದ ವರ್ಷದ ಮಾಲು. ನಮ್ಮ ಆದೋನಿ ಬಾಜು, ಕೌತಾಳಂ ಕಡೇದು!”

ವಾಚ್‌ಮನ್ ಬೆಳ್ಳಗಾದ. ಎಷ್ಟೆಂದರೆ ತೋಳಿನ ಮೇಲಿನ ಹತ್ತಿ ಅವನಿಗಿಂತ ಒಂದು ಬಣ್ಣ ಕಪ್ಪಾಗಿ ಕಂಡಿತು ಎಂದು ಚಿಕ್ಕಮ್ಮ ಹೇಳುತ್ತಾಳೆ.

“ಏಮಂಡೀ! ಏಂ ಚೇಸ್ತುನ್ನಾರು ಮೀರು?” ಎನ್ನುತ್ತ ಆ ಕಡೆಯಿಂದ ಓಡಿ ಬಂದವರು ಮ್ಯೂಸಿಯಂನ ಸೂಪರಿಂಟೆಂಡೆಂಟ್ ಉದಯಕುಮಾರ್. ಇಲ್ಲಿಂದ ಮುಂದೆ ಅವರ ತೆಲುಗನ್ನು ನಾನು ಕನ್ನಡಕ್ಕೆ ತಂದಿದ್ದೇನೆ. ಅವರ ಸಿಟ್ಟನ್ನು ಪೂರ್ತಿ ತರಲಾಗಿಲ್ಲ.

“ಮುಟ್ಟಬಾರದು ಅಂತ ಬೋರ್ಡಿದೆ, ಕಾಣಲಿಲ್ಲವೆ?”

“ಕಂಡಿತು ಸಾರ್. ಅಸಲು ಅಂತನೂ ಬೋರ್ಡೈತಿ. ಅದು ತಪ್ಪೈತಿ” ಎಂದ ಚಿಕ್ಕಪ್ಪ, ವಿನಯದಿಂದಲೇ. “ಇದು ಹೋದ ವರ್ಷದ ಹತ್ತಿ.”

“ಯಾರು ನೀವು?”

“ಆದೋನಿ ಯಾರ್ಡಿನ ಹತ್ತಿ ಪಂಚ, ಕೊಟ್ರೇಶ.”

ಆದೋನಿ ಎಂಬ ಹೆಸರಿಗೆ ಹತ್ತಿಯ ಲೋಕದಲ್ಲಿ ತೂಕವಿದೆ. ಉದಯಕುಮಾರ್ ಹಗ್ಗದಾಚೆಯ ಗಾದಿಯನ್ನು ನೋಡಿದರು. ಆಮೇಲೆ ಅವರ ಸಿಟ್ಟು ದಿಕ್ಕು ಬದಲಿಸಿತು.

“ಆ ಫಲಕ ನಾನೇ ಬರೆದದ್ದು. ನವಾಬರ ನಂತರ ಆ ಗಾದಿಯ ಹೊಲಿಗೆ ಯಾರೂ ಬಿಚ್ಚಿಲ್ಲ. ಬಿಚ್ಚಿದ್ದಾರೆ ಅಂತ ನೀವು ಹೇಳುವುದಾದರೆ ಬಾಯಿಮಾತು ಬೇಡ, ಭೂತಗನ್ನಡಿ ತರುತ್ತೇನೆ, ರಿಜಿಸ್ಟರಿನಲ್ಲಿ ಬರೆದುಕೊಡಿ. ನನ್ನ ಸ್ಟಾಫಿನಲ್ಲಿ ಯಾರ ಕೈ ಅದರೊಳಗೆ ಹೋಗಿದ್ದರೂ ಅವರಿಗೆ ಇವತ್ತೇ ಇಲ್ಲಿ ಕೊನೇ ದಿನ. ತಿರುಪತೀ! ಇವರನ್ನು ಎಲ್ಲಿಗೂ ಬಿಡಬೇಡ.”

ಅವರು ಹೋದರು. ವಾಚ್‌ಮನ್ ತಿರುಪತಿ ತೋಳನ್ನು ಹಾಗೇ ಚಾಚಿಕೊಂಡು, ಎಳೆ ಉದುರದಂತೆ ನಿಂತಿದ್ದ.

“ಅಣ್ಣಾ” ಎಂದ ಮೆಲ್ಲಗೆ, ನಮ್ಮದೇ ಮಾತಿನಲ್ಲಿ. “ನಮ್ದು ಕೋಸಗಿ, ಆದೋನಿ ಬಾಜು.”

“ಅರೆ! ಕೋಸಗ್ಯಾಗ ಯಾರ ಪೈಕಿ?” ಎಂದು ಚಿಕ್ಕಪ್ಪ ಸಂತೋಷದಿಂದ ಶುರು ಮಾಡಿದ. ಅಷ್ಟರಲ್ಲಿ ಕಂಬದ ಹಿಂದಿನಿಂದ ಪೊರಕೆ ಹಿಡಿದ ಒಬ್ಬಳು ಬಂದಳು. ತಿರುಪತಿಯ ಹೆಂಡತಿ ಸುಂಕಲಮ್ಮ, ಅಲ್ಲೇ ಕಸ ಗುಡಿಸುವವಳು.

“ಪೈಕಿ ಆಮ್ಯಾಲೆ ಕೇಳೀರಂತ” ಎಂದಳು. “ಅದು ನಾನು ತುಂಬಿದ ಹತ್ತಿರೀ.”

ಚಿಕ್ಕಮ್ಮ ಚೀಲ ಕೆಳಗಿಟ್ಟಳು.

ಸುಂಕಲಮ್ಮ ಪೊರಕೆಯ ಹಿಡಿಯನ್ನು ಹಿಂಡುತ್ತ ಒಂದೇ ಉಸಿರಿಗೆ ಹೇಳಿದಳು: “ಹೋದ ವರ್ಷ ರಜಾ ಹಾಕಿ ಊರಿಗೆ ಹೋಗಿದ್ವಿರೀ. ಹೊಳ್ಳಿ ಬಂದು ನೋಡ್ತೀವಿ, ಇಲಿ ಗಾದ್ಯಾಗ ಮನಿ ಮಾಡೈತಿ. ಮರಿ ಹಾಕೈತಿ. ನವಾಬನ ಹತ್ತಿ ಎಲ್ಲಾ ಪುಡಿ ಪುಡಿ, ಕೈಗೆ ಬರವಲ್ದು. ಹೇಳಿದ್ರ ಇವನ ನೌಕರಿ ಹೋಕ್ಕಿತ್ತು, ಯಾಕ ನೋಡ್ಕೊಂಡಿಲ್ಲ ಅಂತ. ನಾನು ಊರಾಗ ಬಿಡಿಸಾಕ ಹೋದಾಗ ಉಡಿ ತುಂಬ ತಂದಿದ್ದೆ, ಮಗಳಿಗೊಂದು ದಿಂಬು ಹೊಲಿಯಾಕಂತ. ಮಗಳ ತಲೆಗೆ ಅಂತ ತಂದದ್ದು ನವಾಬನ ಕುಂಡಿಗೆ ಬಿತ್ತು.”

“ಎಲ್ಲಿ ಬಿಡಿಸಿದ್ದಿ?” ಎಂದ ಚಿಕ್ಕಪ್ಪ.

“ಕೌತಾಳಂ ದಿಕ್ಕಿನಾಗ.”

“ಎಷ್ಟನೇ ಸಲದ್ದು?”

“ಎರಡನೇದ್ದು.”

“ಬೀಜ ಕೈಲೇ ತಗದೀ?”

“ಹೌದ್ರಿ.”

“ಕೇಳಿದೇನ ಗಂಗೂ!” ಚಿಕ್ಕಪ್ಪನ ಮುಖ ಅರಳಿತು. “ಹೇಳಿದ್ನಿಲ್ಲೋ? ಕೌತಾಳಂ! ಎರಡನೇದ್ದು! ಕೈಲೇ!”

ಚಿಕ್ಕಮ್ಮ ಅವನನ್ನು ನೋಡಿದಳು, ತಿರುಪತಿಯ ಚಾಚಿದ ತೋಳನ್ನು ನೋಡಿದಳು.

“ರೀ, ನೀವು ಗೆದ್ರಿ” ಎಂದಳು. “ಈಗ ಸೋಲ್ರಿ.”

“ಅಂದ್ರ?”

“ಅಂದ್ರ ಆ ಸಾಹೇಬ ಬಂದು ಕೇಳಿದ ಕೂಡ್ಲೇ ಇದು ನವಾಬನ ಹತ್ತಿ ಅನ್ರಿ.”

“ತಪ್ಪು ಹೇಳಂತೀಯೇನು? ಈ ಬೆರಳಿಲೇ?”

“ಬೆರಳಿಲೇ ಬ್ಯಾಡ. ಬಾಯಿಲೇ ಹೇಳ್ರಿ.”

“ಸಿದ್ದಬಸಪ್ಪಗ ಗೊತ್ತಾದ್ರ ಕುರ್ಚಿ ಹೋಕ್ಕತಿ!”

“ಸಿದ್ದಬಸಪ್ಪ ಆದೋನ್ಯಾಗ ಅದಾನ. ಇವರು ಇಲ್ಲೇ ಅದಾರ.”

ಉದಯಕುಮಾರ್ ವಾಪಸು ಬಂದರು. ಒಂದು ಕೈಯಲ್ಲಿ ರಿಜಿಸ್ಟರು, ಒಂದು ಕೈಯಲ್ಲಿ ಭೂತಗನ್ನಡಿ, ಬಾಯಲ್ಲಿ ಪೆನ್ನು. ಹಿಂದೆ ಹತ್ತು ಹನ್ನೆರಡು ಪ್ರವಾಸಿಗಳು. ಅವರು ನವಾಬರ ಹುಕ್ಕಾ ನೋಡುತ್ತಿದ್ದವರು, ಜಗಳದ ಸದ್ದು ಕೇಳಿ ಹುಕ್ಕಾ ಬಿಟ್ಟು ಬಂದಿದ್ದರು.

“ಹೇಳಿ. ಎಲ್ಲಿಯ ಹತ್ತಿ, ಯಾವಾಗಿನದು?”

ಚಿಕ್ಕಪ್ಪ ತಿರುಪತಿಯ ತೋಳಿನಿಂದ ಎಳೆ ಎತ್ತಿ ಮತ್ತೆ ಎಳೆದ. ಮಡಚಿದ. ಇನ್ನೊಮ್ಮೆ ಎಳೆದ. ಯಾರ್ಡಿನಲ್ಲಿ ಮೂರು ಸಲಕ್ಕೆ ಮುಗಿಯುವ ಕೆಲಸವನ್ನು ಅಂದು ಒಂಬತ್ತು ಸಲ ಮಾಡಿದ. ಚಿಕ್ಕಮ್ಮನ ಚಪ್ಪಲಿ ಅವನ ಕಾಲಿನ ಮೇಲೆ ಬಂದು ಕೂತಿತು.

“ಸಾರ್... ಬೆಳಕು ಸರಿ ಇರಲಿಲ್ಲ” ಎಂದ ಕಡೆಗೆ. “ಇದು ನಮ್ಮ ಕಡೇದಲ್ಲ.”

“ಮತ್ತೆ?”

ಚಿಕ್ಕಪ್ಪ ಸುತ್ತ ನೋಡಿದ. ಎದುರಿನ ಜಮಖಾನದ ಫಲಕದಲ್ಲಿ ‘ಪರ್ಷಿಯಾ’ ಎಂದಿತ್ತು.

“ಪರ್ಷಿಯಾ.”

ಪ್ರವಾಸಿಗಳಲ್ಲಿ ಯಾರೋ “ಅಬ್ಬಾ” ಎಂದರು. ತಿರುಪತಿಗೆ ಉಸಿರು ಬಂತು. ಚಿಕ್ಕಪ್ಪ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹದಿನೇಳು ವರ್ಷ ತೀರ್ಪು ಕೊಟ್ಟ ಮನುಷ್ಯ ವಿವರ ಕೊಡದೆ ಇರಲಾರ.

“ವಯಸ್ಸು?” ಎಂದರು ಉದಯಕುಮಾರ್, ಬರೆಯುತ್ತ.

“ಎರಡುನೂರಾ ಹತ್ತು.”

“ನಾನು ಇನ್ನೂರು ಅಂತ ಹಾಕಿದ್ದೇನಲ್ಲ?”

“ಗಾದಿ ಇನ್ನೂರು ಸಾರ್. ಹತ್ತಿ ಹತ್ತು ವರ್ಷ ಗೋದಾಮಿನಾಗ ಇತ್ತು. ಆ ಸಲ ಪರ್ಷಿಯಾದಾಗ ಮಳಿ ಕಡಿಮಿ, ಎಳಿ ಸ್ವಲ್ಪ ಗಿಡ್ಡ ಆಗೈತಿ.”

ಉದಯಕುಮಾರ್ ಅದನ್ನೂ ಬರೆದುಕೊಂಡರು. “ಇನ್ನೇನು ಕಾಣುತ್ತದೆ?”

“ಬಲಗಡಿ ಈ ಮೂಲಿ ಎಳಿ ಒತ್ತಿಲ್ಲ. ಅಂದ್ರ ನವಾಬರು ಎಡಕ್ಕ ವಾಲಿ ಕುಂದ್ರತಿದ್ರು.”

ಎಲ್ಲರೂ ಪಟದ ಕಡೆ ತಿರುಗಿದರು. ಪಟದಲ್ಲಿ ನವಾಬರು ಎಡಕ್ಕೇ ವಾಲಿ ಕೂತಿದ್ದರು. ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಸುಂಕಲಮ್ಮ ಪೊರಕೆ ಕಂಕುಳಲ್ಲಿ ಇಟ್ಟುಕೊಂಡು ತಾನೂ ತಟ್ಟಿದಳು.

“ಬಹಳ ಚೆನ್ನಾಗಿದೆ!” ಉದಯಕುಮಾರರಿಗೆ ಕಣ್ಣು ತುಂಬಿ ಬಂದಿತ್ತು. “ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಈ ಗಾದಿಯನ್ನು ಇಷ್ಟು ಅರ್ಥ ಮಾಡಿಕೊಂಡವರು ಯಾರೂ ಬಂದಿಲ್ಲ. ಇನ್ನೊಮ್ಮೆ ಹೇಳಿ, ವಿಡಿಯೊ ಮಾಡಿಕೊಳ್ಳುತ್ತೇನೆ. ಹೆಸರು, ಊರು ಮೊದಲು ಹೇಳಿ.”

ಚಿಕ್ಕಪ್ಪ ಚಿಕ್ಕಮ್ಮನ ಮುಖ ನೋಡಿದ. ಚಪ್ಪಲಿ ಇನ್ನೂ ಕಾಲಿನ ಮೇಲೇ ಇತ್ತು. ಅವನು ಹೆಸರು ಹೇಳಿದ, ಊರು ಹೇಳಿದ, ಪರ್ಷಿಯಾದ ಮಳೆಯನ್ನೂ ಹೇಳಿದ.

ಸಂಜೆ ಕೆರೆ ಕಾಣುವ ಹೋಟೆಲಿನಲ್ಲಿ ಎರಡನೇ ಊಟ. ಚಿಕ್ಕಪ್ಪ ರುಮಾಲಿ ರೊಟ್ಟಿಯನ್ನು ಬೆಳಕಿಗೆ ಹಿಡಿಯಲಿಲ್ಲ, ತೇವ ನೋಡಲಿಲ್ಲ, ಸುಮ್ಮನೆ ತಿಂದ. ಚಿಕ್ಕಮ್ಮನಿಗೆ ಇದು ಸಹಿಸಲಾಗದೆ, “ಹೆಂಗೈತ್ರಿ ರೊಟ್ಟಿ? ಎಳಿ ಉದ್ದ ಐತೇನು?” ಎಂದು ತಾನೇ ಕೇಳಿದಳು.

“ತಿನ್ನು ಗಂಗೂ” ಎಂದ. “ಆ ಸಾಹೇಬ ವಿಡಿಯೊ ಮಾಡ್ಯಾನ.”

“ಮಾಡ್ಲಿ. ನಾಕು ಮಂದಿ ನೋಡ್ಯಾರು.”

ನಾಕು ಮಂದಿಯ ಲೆಕ್ಕ ತಪ್ಪಾಯಿತು. ಇವರು ಆದೋನಿಯಲ್ಲಿ ಬಸ್ಸಿಳಿಯುವುದರೊಳಗೆ ಚಿಕ್ಕಪ್ಪನ ಹೆಬ್ಬೆರಳು ವಿಡಿಯೊ ಹತ್ತಿ ಮೊದಲೇ ಊರು ಸೇರಿತ್ತು. ಹತ್ತಿ ವ್ಯಾಪಾರಿಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಲ್ಲ ಒಬ್ಬರು ಅದನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಎದುರುಮನೆಯ ಊರಮ್ಮ ಕಟ್ಟೆಯ ಮೇಲೇ ತಡೆದು ಕೇಳಿದಳು: “ಕೊಟ್ರೇಶಾ, ಪರ್ಷಿಯಾ ಅಂದ್ರ ರಾಯಚೂರಿನಿಂದ ಆಚಿಗೇನು? ಅಲ್ಲಿ ಮಳಿ ಆಗಿಲ್ಲಂತಲ್ಲ, ಪಾಪ.”

ಯಾರ್ಡಿನಲ್ಲಿ ಸಿದ್ದಬಸಪ್ಪ ಕಾಟಾದ ಮೇಲೆ ಕೂತು, ವಿಡಿಯೊವನ್ನು ದೊಡ್ಡದು ಮಾಡಿ ಎಲ್ಲರಿಗೂ ತೋರಿಸುತ್ತಿದ್ದ.

“ನೋಡ್ರಪಾ. ಎಳಿ ಹೊಳಪು ನೋಡ್ರಿ. ಎರಡುನೂರು ವರ್ಷದ ಹತ್ತಿ ಹಿಂಗ ಹೊಳೀತೈತೇನು? ನಮ್ಮ ಎರಿ ಹೊಲದ ಹತ್ತಿ ಇದು! ಕೂಸಿಗೂ ಗೊತ್ತಾಕ್ಕತಿ. ಕೊಟ್ರೇಶಣ್ಣಾ, ಕಣ್ಣು ಹೋದವೋ, ಬೆರಳು ಹೋತೋ?”

“ಬೆಳಕು ಸರಿ ಇರ್ಲಿಲ್ಲ” ಎಂದ ಚಿಕ್ಕಪ್ಪ.

ಜನ ನಕ್ಕರು. ಅಂದು ಮೂರು ಜಗಳ ಬಿದ್ದವು, ಮೂರನ್ನೂ ಮಷೀನಿಗೆ ಒಪ್ಪಿಸಿದರು. ಚಿಕ್ಕಪ್ಪನ ಕುರ್ಚಿಯ ಮೇಲೆ ಯಾರೋ ಟವೆಲ್ ಒಣಗಲು ಹಾಕಿದ್ದರು.

“ನಾ ಖುದ್ದು ಹೋಗಿ ನೋಡ್ಕೊಂಡು ಬರ್ತೀನಿ” ಎಂದ ಸಿದ್ದಬಸಪ್ಪ. “ಬಂದು ಎಲ್ಲಾರ ಮುಂದ ಹೇಳ್ತೀನಿ. ಆಮ್ಯಾಲೆ ಕುರ್ಚಿ ಯಾರದು ಅಂತ ನೀವೇ ಹೇಳ್ರಿ.” ಮರುದಿನವೇ ಹೆಂಡತಿ ವೀರಬಸಮ್ಮನನ್ನು ಕರೆದುಕೊಂಡು ಹೈದರಾಬಾದಿಗೆ ಹೊರಟ. ಎರಡು ಮ್ಯೂಸಿಯಂ, ಎರಡು ಊಟ ಎಂದು ಆಕೆಗೆ ಹೇಳಿದ್ದನಂತೆ.

ಚಿಕ್ಕಮ್ಮನಿಗೆ ನಿದ್ದೆ ಹಾರಿತು. “ಹೋಗೋಕ್ಕಿಂತ ಮುಂಚೆ ಅವಗ ಖರೆ ಹೇಳಬೇಕಿತ್ರಿ.”

“ಸಿದ್ದಬಸಪ್ಪಗ ಹೇಳಿದ್ರ ಯಾರ್ಡಿಗೆಲ್ಲಾ ಮೈಕಿನಾಗ ಹೇಳಿದಂಗ” ಎಂದ ಚಿಕ್ಕಪ್ಪ. “ಯಾರ್ಡಿಗೆ ಗೊತ್ತಾದ್ರ ಗುಂಪಿಗೆ ಗೊತ್ತಾಕ್ಕತಿ, ಗುಂಪಿನಿಂದ ಆ ಸಾಹೇಬಗ. ಹೋಗ್ಲಿ ಬಿಡು, ಕುರ್ಚಿ ತಗೊಳ್ಳಿ. ಆ ತಿರುಪತಿದು ಏನಾಕ್ಕತೋ.”

ಮೂರು ದಿನ ಚಿಕ್ಕಪ್ಪ ಯಾರ್ಡಿಗೆ ಹೋಗಿ ಒಂದು ಮೂಲೆಯಲ್ಲಿ ನಿಂತು ಬಂದ. ಅನ್ನಕ್ಕೆ ಉಪ್ಪಿಲ್ಲದಿದ್ದರೂ ಗೊತ್ತಾಗಲಿಲ್ಲ. ನಾನು ಅವನಿಗೊಂದು ಕಥೆ ಹೇಳೋಣವೆಂದುಕೊಂಡೆ. ಆದರೆ ಗಿಣಿ ಸತ್ತ ಮೇಲೆ ರಾಕ್ಷಸನಿಗೆ ಏನಾಯಿತೆಂದು ನಮ್ಮಜ್ಜಿ ಹೆಚ್ಚು ವಿವರ ಹೇಳಿರಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಸಿದ್ದಬಸಪ್ಪ ಬಂದ. ಯಾರ್ಡಿನಲ್ಲಿ ಹರಾಜು ನಿಂತಿತು. ಚೀಲ ಹೊರುತ್ತಿದ್ದವರು ಚೀಲ ಇಳಿಸಿ ಅದರ ಮೇಲೇ ಕೂತರು. ನಾನೂ ಚಿಕ್ಕಪ್ಪನಿಗೆ ಬುತ್ತಿ ಕೊಡುವ ನೆಪದಲ್ಲಿ ಹೋಗಿದ್ದೆ.

“ನೋಡಿದ್ಯಾ?” ಎಂದರು ಎಲ್ಲರೂ.

“ನೋಡಿದೆ.”

“ಕೈಗೆ ಸಿಕ್ತಾ?”

“ಎಳಿ ಎಳದು ನೋಡಿದೆ. ಅಲ್ಲಿ ಕಾವಲು ಇರಾವನ ತೋಳಿನ ಮ್ಯಾಲೇ ಹಾಸಿ ನೋಡಿದೆ. ಅವನ ಹೆಂಡ್ತಿನೂ ಪೊರಕಿ ಹಿಡಕೊಂಡು ಅಲ್ಲೇ ಇದ್ಲು” ಎಂದ ಸಿದ್ದಬಸಪ್ಪ. ಆಮೇಲೆ ಗಂಟಲು ಸರಿಮಾಡಿಕೊಂಡ. ಬಾಟಲಿ ಎತ್ತಿ ನೀರು ಕುಡಿದ. ಮತ್ತೆ ಗಂಟಲು ಸರಿಮಾಡಿಕೊಂಡ.

“ಹೇಳಪಾ ಮತ್ತ! ಎಲ್ಲೀದು?”

ಸಿದ್ದಬಸಪ್ಪ ಚಿಕ್ಕಪ್ಪನ ಕಡೆ ನೋಡದೆ, ಎದುರಿನ ಹತ್ತಿ ರಾಶಿಯನ್ನು ನೋಡುತ್ತ ಹೇಳಿದ: “ಪರ್ಷಿಯಾದ್ದು.”

ವಿಡಿಯೊ ತೆರೆದುಕೊಂಡಿದ್ದವರು ಮೊಬೈಲು ಜೇಬಿಗಿಟ್ಟರು.

“ಎರಡುನೂರಾ ಹತ್ತು ವರ್ಷದ್ದು” ಎಂದು ಸೇರಿಸಿದ. “ಮಳಿ ಕಡಿಮಿ ಆಗಿದ್ದೂ ಖರೆ.”

ಮೂಲೆಯಲ್ಲಿದ್ದ ಚಿಕ್ಕಪ್ಪ ತಲೆಯೆತ್ತಿದ. ಕುರ್ಚಿಯ ಮೇಲಿನ ಟವೆಲನ್ನು ಯಾರೋ ಮೆಲ್ಲಗೆ ಎತ್ತಿಕೊಂಡರು. ಒಬ್ಬ ಮುದುಕ ರೈತ, “ಅಂದ್ರ ಕೊಟ್ರೇಶಣ್ಣ ಹೇಳಿದ್ದೆಲ್ಲಾ ಬರೋಬ್ಬರಿ” ಎಂದ.

“ಎಲ್ಲಾ ಅಲ್ಲ” ಎಂದ ಸಿದ್ದಬಸಪ್ಪ ತಟ್ಟನೆ. “ಒಂದು ತಪ್ಪೈತಿ. ನವಾಬ ಎಡಕ್ಕ ವಾಲಿ ಕುಂದ್ರತಿದ್ದಿಲ್ಲ. ಬಲಕ್ಕ ವಾಲಿ ಕುಂದ್ರತಿದ್ದ. ಎಳಿ ಒತ್ತಿದ್ದು ನಾ ಬೆರಳಿಲೇ ನೋಡೀನಿ.”

“ಏನಂದಿ?” ಚಿಕ್ಕಪ್ಪ ಮೂಲೆಯಿಂದ ಎದ್ದು ಬಂದ. “ಎಡಕ್ಕಲೇ! ಪಟದಾಗ ಬರದೈತಿ, ಎಡಕ್ಕ!”

“ಪಟ ಬರದಾವಗ ಹತ್ತಿ ಬಗ್ಗೆ ಏನು ಗೊತ್ತಿತ್ತು?”

“ನಿನಗೇನು ಗೊತ್ತೈತಿ? ಯಾವ ಮೂಲಿ ಎಳದಿ ನೀ?”

“ನೀ ಎಳದ ಮೂಲೀನೇ!”

ಮಧ್ಯಾಹ್ನವಾದರೂ ಹರಾಜು ಶುರುವಾಗಲಿಲ್ಲ. ಇಬ್ಬರೂ ಕಾಟಾದ ಮೇಲೆ ಎದುರುಬದುರು ಕೂತು, ನವಾಬರಂತೆ ಎಡಕ್ಕೂ ಬಲಕ್ಕೂ ವಾಲಿ ತೋರಿಸುತ್ತಿದ್ದರು. ನಾನು ಬುತ್ತಿ ಬಿಚ್ಚಿದಾಗ ಚಿಕ್ಕಪ್ಪ ವಾದ ನಿಲ್ಲಿಸದೆಯೇ ರೊಟ್ಟಿ ಮುರಿದು, ಅರ್ಧ ಸಿದ್ದಬಸಪ್ಪನ ಕೈಗೆ ಕೊಟ್ಟ. ಆತನೂ ವಾದ ನಿಲ್ಲಿಸದೆಯೇ ತೆಗೆದುಕೊಂಡ.